ಕೆಂಪು ಗುಂಡಿ ಒತ್ತಿದರೆ ಯಾರಿಗೆ ಕೇಳಿಸುತ್ತದೆ?

ಮಲ್ಪೆಯಲ್ಲಿ ಒಂದು ವಿಹಾರದ ಬೋಟಿನ ರೇಡಿಯೊದಲ್ಲಿ ಮುಚ್ಚಳವಿದ್ದ ಕೆಂಪು ಗುಂಡಿ ನೋಡಿದೆ. ಅಪಾಯ ಬಂದಾಗ ಅದನ್ನು ಒತ್ತಿದರೆ ಸಾಕಂತೆ. ಮಾತೇ ಆಡದೆ ಸಹಾಯ ಹೇಗೆ ಬರುತ್ತದೆ?
– ಓದುಗರೊಬ್ಬರು, ಶೇಷಾದ್ರಿಪುರಂ, ಬೆಂಗಳೂರು

ಗ್ಯಾಸ್ ಸಿಲಿಂಡರಿಗೆ ಮಿಸ್ಡ್ ಕಾಲ್ ಕೊಡುತ್ತೀರಲ್ಲ, ಹಾಗೆಯೇ. ನೀವು ಏನೂ ಹೇಳದಿದ್ದರೂ ನಂಬರಿನಿಂದಲೇ ಮನೆ ಯಾವುದೆಂದು ತಿಳಿಯುತ್ತದೆ. ಬೋಟಿನ ರೇಡಿಯೊಗೂ ಎಂಎಂಎಸ್‌ಐ ಎಂಬ 9 ಅಂಕಿಗಳ ಸಂಖ್ಯೆ ಇರುತ್ತದೆ. ಭಾರತದ ಬೋಟುಗಳದ್ದು 419ರಿಂದ ಶುರು. ಆದರೆ ಬೋಟು ಮನೆಯಂತೆ ಒಂದೇ ಕಡೆ ನಿಲ್ಲುವುದಿಲ್ಲವಾದ್ದರಿಂದ, ಅದು ಎಲ್ಲಿದೆ ಎಂಬುದನ್ನು ಜಿಪಿಎಸ್ ಒದಗಿಸಬೇಕು.

ಮುಚ್ಚಳ ಎತ್ತಿ ಗುಂಡಿಯನ್ನು ಕೆಲವು ಸೆಕೆಂಡ್ ಒತ್ತಿ ಹಿಡಿದರೆ ಸಂಖ್ಯೆ, ಸ್ಥಳ, ಸಮಯ ಎಲ್ಲವೂ ಅಂಕಿಗಳ ರೂಪದಲ್ಲಿ 70ನೇ ಚಾನೆಲ್‌ನಲ್ಲಿ ಹೊರಡುತ್ತವೆ. ಅರ್ಧ ಸೆಕೆಂಡಿನ ಆಸುಪಾಸಿನ ಕೆಲಸ. ಆ ಚಾನೆಲ್‌ನಲ್ಲಿ ಮಾತಿಗೆ ಅವಕಾಶವೇ ಇಲ್ಲ. ಸುತ್ತಲಿನ ಹಡಗುಗಳಲ್ಲಿ, ದಡದ ಕೇಂದ್ರದಲ್ಲಿ ಇಂಥ ರೇಡಿಯೊಗಳು ಕಿರುಚಿಕೊಳ್ಳುತ್ತವೆ, ಪರದೆಯ ಮೇಲೆ ನಿಮ್ಮ ಸ್ಥಳ ಮೂಡುತ್ತದೆ. ಯಾರೂ ಉತ್ತರಿಸದಿದ್ದರೆ ಸುಮಾರು 4 ನಿಮಿಷಕ್ಕೊಮ್ಮೆ ಕರೆ ತಾನಾಗಿಯೇ ಮರುಕಳಿಸುತ್ತದೆ. ಮುಂದಿನ ಮಾತುಕತೆ 16ನೇ ಚಾನೆಲ್‌ನಲ್ಲಿ.



ದುಬಾರಿ ರೇಡಿಯೊ ಕೊಂಡು ಸಂಖ್ಯೆ ತುಂಬಿಸದೆ, ಜಿಪಿಎಸ್ ಜೋಡಿಸದೆ ಬಿಟ್ಟರೆ ಆ ಗುಂಡಿ ಬರೀ ಅಲಂಕಾರ. ಕೈತಪ್ಪಿ ಒತ್ತಿದರೆ ಸುಮ್ಮನೆ ಆಫ್ ಮಾಡಬೇಡಿ. 16ನೇ ಚಾನೆಲ್‌ನಲ್ಲಿ ಹಾಗೆಂದು ತಿಳಿಸಿ. ದಡದ ಹತ್ತಿರ ಮೊಬೈಲ್ ಸಿಗ್ನಲ್ ಇದ್ದರೆ ಕೋಸ್ಟ್ ಗಾರ್ಡ್‌ನ ಸಹಾಯವಾಣಿ 1554.