ಫಾರ್ವರ್ಡ್ ಆಗಿ ಬಂದ ಸುದ್ದಿಗೆ ಸಂಪಾದಕರು ಯಾರು?

ಮಳೆಗಾಲದ ಒಂದು ರಾತ್ರಿ. ನೀವು ಯಾದಗಿರಿ ಜಿಲ್ಲೆಯ ಕೊಂಕಲ್‌ನಲ್ಲಿದ್ದೀರಿ. ಊಟ ಮುಗಿಸಿ ಮಲಗುವ ಹೊತ್ತಿಗೆ ಫೋನಿಗೆ ಒಂದು ವಿಡಿಯೋ ಬರುತ್ತದೆ. ಕೆಂಪು ನೀರು ಭೋರ್ಗರೆಯುತ್ತಿದೆ, ಹಿಂದೆ ಯಾರೋ ಕೂಗುತ್ತಿದ್ದಾರೆ. ಕೆಳಗೆ ಬರೆದಿದೆ: ‘ನಾರಾಯಣಪುರ ಡ್ಯಾಂ ಗೇಟ್ ಮುರಿದಿದೆ, ನದಿ ಪಕ್ಕದ ಊರಿನವರು ಕೂಡಲೇ ಓಡಿ, ಎಲ್ಲ ಗ್ರೂಪಿಗೂ ಕಳಿಸಿ.’

ನೀವೇನು ಮಾಡುತ್ತೀರಿ? ಹೆಚ್ಚಿನವರು ಮಾಡುವುದು ಒಂದೇ ಕೆಲಸ. ಕಳಿಸಿಬಿಡುತ್ತೇವೆ. ‘ನಿಜ ಇದ್ದರೆ ಒಳ್ಳೆಯದಾಯಿತು, ಸುಳ್ಳಾದರೆ ಏನು ಹೋಯಿತು’ ಅಂದುಕೊಳ್ಳುತ್ತೇವೆ. ಸುಳ್ಳಾದರೆ ಏನು ಹೋಗುತ್ತದೆ ಎಂಬುದನ್ನು ತಿಳಿಯಲು, ಮೊದಲು ಸುದ್ದಿ ನಮ್ಮನ್ನು ತಲುಪುವ ದಾರಿ ಹೇಗೆ ಬದಲಾಯಿತು ಎಂದು ನೋಡೋಣ.

ಪತ್ರಿಕೆಯ ಕೊನೆಯ ಸಾಲು ಓದಿದ್ದೀರಾ?

ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ 1843ರ ಜುಲೈ 1ರಂದು ಹೊರಬಂತು. ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ ಅದರ ಸಂಪಾದಕರು. ಕಲ್ಲಚ್ಚಿನಲ್ಲಿ ಮುದ್ರಣ, 15 ದಿನಕ್ಕೊಂದು ಸಂಚಿಕೆ. ಜುಲೈ 1ನ್ನು ಇಂದಿಗೂ ಕರ್ನಾಟಕದಲ್ಲಿ ಪತ್ರಿಕಾ ದಿನವಾಗಿ ಆಚರಿಸುತ್ತಾರೆ.

ಆಮೇಲೆ 1867ರಲ್ಲಿ ಒಂದು ಕಾಯ್ದೆ ಬಂತು. ಪ್ರತಿ ಪತ್ರಿಕೆಯ ಮೇಲೂ ಮುದ್ರಕರು ಯಾರು, ಪ್ರಕಾಶಕರು ಯಾರು, ಎಲ್ಲಿ ಅಚ್ಚಾಯಿತು ಎಂದು ಹಾಕಲೇಬೇಕು ಎಂದಿತು. ಸಂಪಾದಕರ ಹೆಸರು ಹಾಕುವ ನಿಯಮ ಆ ಕಾಯ್ದೆಗೆ ಆಮೇಲೆ ಸೇರಿತು. ಆ ಕಾಯ್ದೆಯ ಜಾಗದಲ್ಲಿ 2024ರ ಮಾರ್ಚ್ 1ರಿಂದ ಹೊಸ ಕಾಯ್ದೆ ಜಾರಿಗೆ ಬಂದಿದೆ. ಆದರೆ ಹೆಸರು ಹಾಕುವ ಪದ್ಧತಿ ನಿಂತಿಲ್ಲ. ನಿಮ್ಮ ಮನೆಗೆ ಬರುವ ಯಾವುದೇ ದಿನಪತ್ರಿಕೆ ತೆಗೆದು ನೋಡಿ. ಯಾವುದಾದರೂ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಆ ಸಾಲು ಸಿಗುತ್ತದೆ.

ಅದನ್ನು ಯಾರೂ ಓದುವುದಿಲ್ಲ. ಆದರೂ ಇಡೀ ಪತ್ರಿಕೆಯ ಹೊಣೆ ಇರುವುದು ಅದರಲ್ಲೇ. ಸುದ್ದಿ ತಪ್ಪಾದರೆ ಯಾರನ್ನು ಕೇಳಬೇಕು ಎಂಬುದಕ್ಕೆ ಅದು ಉತ್ತರ. ಹೆಸರು ಕಟ್ಟಿಕೊಂಡವರು ಇರುವುದರಿಂದಲೇ ವರದಿಗಾರ ಕಳಿಸಿದ್ದನ್ನು ಉಪಸಂಪಾದಕ ಇನ್ನೊಮ್ಮೆ ನೋಡುತ್ತಾನೆ, ಪೊಲೀಸ್ ಠಾಣೆಗೋ ತಹಶೀಲ್ದಾರ್ ಕಚೇರಿಗೋ ಫೋನ್ ಮಾಡಿ ಕೇಳುತ್ತಾನೆ. ಪತ್ರಿಕೆಗಳೂ ಟಿವಿಗಳೂ ತಪ್ಪು ಮಾಡಿಲ್ಲವೆಂದಲ್ಲ, ಬೇಕಾದಷ್ಟು ಮಾಡಿವೆ. ಆದರೆ ಅಲ್ಲಿ ಕೇಳಲು ಒಂದು ಬಾಗಿಲಿದೆ.

ಈಗ ಆ ಡ್ಯಾಂ ವಿಡಿಯೋ ನೋಡಿ. ಅದರ ಕೆಳಗೆ ಅಂಥ ಸಾಲು ಇದೆಯೇ? ಇಲ್ಲ. ನೀವು ಫಾರ್ವರ್ಡ್ ಒತ್ತಿದಾಗ ಮೊದಲು ಕಳಿಸಿದವರ ಹೆಸರೂ ಅಳಿದುಹೋಗುತ್ತದೆ.

ಫೋನ್ ಬದಲಿಸಿದ್ದು ಏನನ್ನು?

ಮೊದಲಿಗೆ ವೇಗ. ಒಂದು ಕಾಲದಲ್ಲಿ ಹಳ್ಳಿಗೆ ಪತ್ರಿಕೆ ಬೆಳಗಿನ ಬಸ್ಸಿನಲ್ಲಿ ಬರಬೇಕಿತ್ತು. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದ ಮೇಲೆ ಡೇಟಾ ಅಗ್ಗವಾಯಿತು. ಹೊಲದ ಬದುವಿನಲ್ಲೇ ವಿಡಿಯೋ ತೆರೆದುಕೊಳ್ಳುತ್ತದೆ. ಇದರಿಂದ ಒಳ್ಳೆಯದೂ ಆಗಿದೆ. ಮಾರುಕಟ್ಟೆ ದರ, ಪರೀಕ್ಷೆಯ ಫಲಿತಾಂಶ, ಮಳೆಯ ಮುನ್ಸೂಚನೆ ಎಲ್ಲವೂ ಬೇಗ ಸಿಗುತ್ತವೆ. ಜಿಲ್ಲಾ ಪುಟದಲ್ಲಿ ಜಾಗ ಸಿಗದ ಊರಿನ ಸಮಸ್ಯೆಯನ್ನು ಈಗ ಊರಿನ ಹುಡುಗರೇ ವಿಡಿಯೋ ಮಾಡಿ ಹಾಕುತ್ತಾರೆ.

ಎರಡನೆಯದು ಹಣ. ಪತ್ರಿಕೆ ತಯಾರಿಸುವ ಖರ್ಚು ನಾವು ಕೊಡುವ ಬೆಲೆಯಲ್ಲಿ ಹುಟ್ಟುವುದಿಲ್ಲ. ಉಳಿದದ್ದನ್ನು ತುಂಬುತ್ತಿದ್ದುದು ಜಾಹೀರಾತು. ಸೈಟು ಮಾರಾಟ, ಕೆಲಸ ಖಾಲಿ, ವಧು–ವರ ಬೇಕಾಗಿದ್ದಾರೆ ಎಂಬ ಸಣ್ಣ ಜಾಹೀರಾತುಗಳು ಈಗ ಫೋನಿಗೆ ಹೋಗಿವೆ. ದೊಡ್ಡ ಕಂಪನಿಗಳ ಹಣದ ದೊಡ್ಡ ಪಾಲು ಗೂಗಲ್, ಫೇಸ್‌ಬುಕ್‌ ಕಡೆ ಹರಿಯುತ್ತಿದೆ. ಆದಾಯ ಕಡಿಮೆಯಾದಾಗ ಮೊದಲು ಕತ್ತರಿ ಬೀಳುವುದು ಪುಟಗಳ ಮೇಲೆ ಮತ್ತು ದೂರದ ಊರಿಗೆ ಹೋಗಿ ವಿಚಾರಿಸುವ ಜನರ ಮೇಲೆ. ಅಂದರೆ ಸುಳ್ಳು ಬೇಗ ಓಡಾಡುವ ಕಾಲದಲ್ಲೇ ಅದನ್ನು ಹಿಡಿಯುವವರು ಕಡಿಮೆಯಾಗುತ್ತಿದ್ದಾರೆ.

2020ರಲ್ಲಿ ಒಂದು ವದಂತಿಯೇ ಪತ್ರಿಕೆಗಳಿಗೆ ಪೆಟ್ಟು ಕೊಟ್ಟಿತು. ‘ಪೇಪರ್ ಮುಟ್ಟಿದರೆ ಕೊರೊನಾ ಬರುತ್ತದೆ’ ಎಂಬ ಸಂದೇಶ ನಿಮಗೂ ಬಂದಿರಬಹುದು. ದಿನಪತ್ರಿಕೆಯಿಂದ ಸೋಂಕು ಹರಡಿತು ಎಂಬುದಕ್ಕೆ ಆಧಾರ ಇರಲಿಲ್ಲ. ಆದರೂ ಎಷ್ಟೋ ಮನೆಗಳು ಪತ್ರಿಕೆ ನಿಲ್ಲಿಸಿದವು, ಪತ್ರಿಕೆಗಳ ಪುಟಗಳೂ ಕಡಿಮೆಯಾದವು.

ಬೀದರ್‌ನಲ್ಲಿ ಏನಾಯಿತು?

‘ಸುಳ್ಳಾದರೆ ಏನು ಹೋಯಿತು’ ಎಂಬ ಪ್ರಶ್ನೆಗೆ ನಮ್ಮ ಕಲ್ಯಾಣ ಕರ್ನಾಟಕದಲ್ಲೇ ಉತ್ತರ ಇದೆ.

2018ರಲ್ಲಿ ದೇಶದ ತುಂಬ ‘ಮಕ್ಕಳ ಕಳ್ಳರು ಬಂದಿದ್ದಾರೆ’ ಎಂಬ ಸಂದೇಶ ಹರಿದಾಡುತ್ತಿತ್ತು. ಅದರ ಜತೆ ಬೈಕಿನಲ್ಲಿ ಬಂದ ಇಬ್ಬರು ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೋ ಇತ್ತು. ನಿಜವೇನೆಂದರೆ, ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ಮಾಡಿದ ಜಾಗೃತಿ ಚಿತ್ರ. ಕೊನೆಯಲ್ಲಿ ಮಗುವನ್ನು ವಾಪಸ್ ತಂದು ಬಿಟ್ಟು, ಎಚ್ಚರಿಕೆಯ ಫಲಕ ತೋರಿಸುತ್ತಾರೆ. ಆ ಕೊನೆಯ ಭಾಗವನ್ನು ಯಾರೋ ಕತ್ತರಿಸಿ ಹರಿಬಿಟ್ಟಿದ್ದರು.

ಆ ವರ್ಷ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಕೆಲಸ ಹುಡುಕಿಕೊಂಡು ಬಂದಿದ್ದ ಯುವಕನನ್ನು ಇದೇ ಅನುಮಾನದಲ್ಲಿ ಗುಂಪು ಹೊಡೆದು ಕೊಂದಿತು. ಜುಲೈ 13ರಂದು ಹೈದರಾಬಾದಿನ ಸಾಫ್ಟ್‌ವೇರ್ ಇಂಜಿನಿಯರ್ ಒಬ್ಬರು ಗೆಳೆಯರೊಂದಿಗೆ ಬೀದರ್ ಜಿಲ್ಲೆಗೆ ಬಂದಿದ್ದರು. ದಾರಿಯಲ್ಲಿ ಸಿಕ್ಕ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಅಷ್ಟಕ್ಕೇ ಅವರ ವಿಡಿಯೋ ವಾಟ್ಸಾಪ್ ಗುಂಪಿನಲ್ಲಿ ‘ಮಕ್ಕಳ ಕಳ್ಳರು’ ಎಂದು ಓಡಿತು. ಕಾರಿಗಿಂತ ಮೊದಲು ಸಂದೇಶ ಮುರ್ಕಿ ಗ್ರಾಮ ತಲುಪಿತ್ತು. ಅಲ್ಲಿ ರಸ್ತೆ ತಡೆದು ಜನ ಕಾಯುತ್ತಿದ್ದರು. ಆ ಇಂಜಿನಿಯರ್ ಅಲ್ಲೇ ಜೀವ ಕಳೆದುಕೊಂಡರು. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟಾಯಿತು. ವಾಟ್ಸಾಪ್ ಗುಂಪಿನ ಅಡ್ಮಿನ್ ಸೇರಿ ಹಲವರ ಬಂಧನವಾಯಿತು.

ಕಳಿಸಿದವರಲ್ಲಿ ಹೆಚ್ಚಿನವರಿಗೆ ಯಾರನ್ನೂ ಕೊಲ್ಲುವ ಉದ್ದೇಶ ಇರಲಿಲ್ಲ. ಊರಿನ ಮಕ್ಕಳನ್ನು ಉಳಿಸುತ್ತಿದ್ದೇವೆ ಎಂದೇ ಅವರು ನಂಬಿದ್ದರು.

ಕಂಪನಿಯೇ ತಡೆಯಬಾರದೇ?

ಸ್ವಲ್ಪ ತಡೆಯಿತು. ಈ ಸರಣಿ ಹತ್ಯೆಗಳ ನಡುವೆ ವಾಟ್ಸಾಪ್ ಜನರಿಗೆ ಎಚ್ಚರಿಕೆ ಹೇಳಲು ಹೋದದ್ದು ಎಲ್ಲಿಗೆ ಗೊತ್ತೇ? ಭಾರತದ ದಿನಪತ್ರಿಕೆಗಳಿಗೆ. ಪೂರ್ಣ ಪುಟದ ಜಾಹೀರಾತು ಕೊಟ್ಟಿತು. ಅದೇ ಜುಲೈನಲ್ಲಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಫಾರ್ವರ್ಡ್ ಮಾಡುವ ಮಿತಿ ಹಾಕಿತು. 2020ರ ಏಪ್ರಿಲ್‌ನಲ್ಲಿ ಹಲವು ಕೈ ದಾಟಿ ಬಂದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆಗೆ ಕಳಿಸುವಂತೆ ಮಾಡಿತು.

ಲೆಕ್ಕ ಹಾಕಿ. ಆಗ ಒಂದು ಗುಂಪಿನಲ್ಲಿ 256 ಜನರವರೆಗೆ ಇರಬಹುದಿತ್ತು. ಐದು ತುಂಬಿದ ಗುಂಪಿಗೆ ಕಳಿಸಿದರೆ 1,280 ಜನ. ಅಂದರೆ ಮಿತಿ ಇದ್ದರೂ ನಿಮ್ಮ ಒಂದು ಬೆರಳು ಒಂದು ಸಣ್ಣ ಪತ್ರಿಕೆಯಷ್ಟು ಪ್ರಸಾರ ಹೊಂದಿದೆ. ಸಂದೇಶಗಳು ಗುಪ್ತಲಿಪಿಯಲ್ಲಿ ಹೋಗುವುದರಿಂದ ನಡುವೆ ಕಂಪನಿಯೂ ಓದಲಾರದು. ಇದು ನಮ್ಮ ಖಾಸಗಿತನಕ್ಕೆ ಒಳ್ಳೆಯದೇ. ಆದರೆ ನಡುವೆ ನಿಂತು ‘ಇದು ನಿಜವೇ’ ಎಂದು ಕೇಳುವವರು ಯಾರೂ ಇಲ್ಲ ಎಂದೂ ಅರ್ಥ. ಹಾಗಾಗಿ ಆ ಖಾಲಿ ಕುರ್ಚಿ ಈಗ ನಿಮ್ಮದು.

ಡ್ಯಾಂ ವಿಡಿಯೋ ಬಂದಾಗ ಏನು ಮಾಡಬೇಕು?

- ಸಂದೇಶದ ಮೇಲೆ ಎರಡು ಬಾಣದ ಗುರುತಿದೆಯೇ ನೋಡಿ. ಇದ್ದರೆ ಅದು ಐದು ಅಥವಾ ಹೆಚ್ಚು ಕೈ ದಾಟಿ ಬಂದಿದೆ. ಕಳಿಸಿದ ನಿಮ್ಮ ಗೆಳೆಯ ಅದನ್ನು ಕಣ್ಣಾರೆ ಕಂಡವನಲ್ಲ.
- ದಿನಾಂಕ, ಊರು ಇದೆಯೇ? ‘ಇಂದು’, ‘ಈಗ ತಾನೇ’ ಎಂಬುದು ದಿನಾಂಕವಲ್ಲ. ಎಷ್ಟು ವರ್ಷವಾದರೂ ಅದು ‘ಇಂದು’ ಎಂದೇ ಓದಿಸಿಕೊಳ್ಳುತ್ತದೆ.
- ವಿಡಿಯೋದ ಒಂದು ಚಿತ್ರವನ್ನು ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ನಲ್ಲಿ ಹುಡುಕಿ. ಹಳೆಯದಾದರೆ ಬಹಳ ಸಲ ಸಿಕ್ಕಿಬೀಳುತ್ತದೆ.
- ಜಲಾಶಯದ ಮಟ್ಟ, ಒಳಹರಿವು, ಹೊರಹರಿವನ್ನು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಪ್ರತಿದಿನ ಪ್ರಕಟಿಸುತ್ತದೆ. ಗ್ರಾಮ ಪಂಚಾಯಿತಿ, ತಹಶೀಲ್ದಾರ್ ಕಚೇರಿಯನ್ನೂ ಕೇಳಬಹುದು. ಅಪಾಯ ಕಣ್ಣಿಗೆ ಕಂಡರೆ 112ಕ್ಕೆ ಕರೆ ಮಾಡಿ.
- ಖಚಿತವಾಗದಿದ್ದರೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದು ಸುಳ್ಳೆಂದು ಗೊತ್ತಾದರೆ ಅದೇ ಗುಂಪಿನಲ್ಲಿ ‘ನಾನು ಕಳಿಸಿದ್ದು ತಪ್ಪು’ ಎಂದು ಬರೆಯಿರಿ.

ನದಿ ದಂಡೆಯವರಿಗೆ ಇದರಲ್ಲಿ ಇನ್ನೊಂದು ಮಾತಿದೆ. 2019ರ ಆಗಸ್ಟ್‌ನಲ್ಲಿ ನಾರಾಯಣಪುರದ ಬಸವಸಾಗರದಿಂದ 5 ಲಕ್ಷ ಕ್ಯುಸೆಕ್‌ಗೂ ಹೆಚ್ಚು ನೀರು ಬಿಟ್ಟಾಗ ಶಹಾಪುರ ತಾಲ್ಲೂಕಿನ ಕೊಳ್ಳೂರು ಬಳಿಯ ಸೇತುವೆ ಮುಳುಗಿತ್ತು. ಸುರಪುರ ಭಾಗದ ನೀಲಕಂಠರಾಯನಗಡ್ಡಿಯಂಥ ನಡುಗಡ್ಡೆಗಳಿಗೆ ದಾರಿ ಕಡಿಯುವುದೂ ಹೊಸದಲ್ಲ. ಅಂದರೆ ನಿಜವಾದ ಎಚ್ಚರಿಕೆ ಬರುವ ರಾತ್ರಿಗಳೂ ಇವೆ. ಹತ್ತು ಸಲ ಸುಳ್ಳು ಡ್ಯಾಂ ಒಡೆದರೆ, ಹನ್ನೊಂದನೆಯ ಸಲ ನಿಜವಾಗಿ ನೀರು ಬಂದಾಗ ಜನ ಏಳುವುದಿಲ್ಲ. ‘ತೋಳ ಬಂತು ತೋಳ’ ಎಂದು ಕೂಗಿದ ಹುಡುಗನ ಕಥೆ ಶಾಲೆಯಲ್ಲೇ ಕೇಳಿದ್ದೇವಲ್ಲ.

ಮುಂದಿನ ಸಲ ಫಾರ್ವರ್ಡ್ ಒತ್ತುವ ಮೊದಲು ಒಂದು ಕೆಲಸ ಮಾಡಿ. ಆ ಸಂದೇಶದ ಕೆಳಗೆ ‘ಇದಕ್ಕೆ ನಾನು ಹೊಣೆ’ ಎಂದು ಬರೆದು ನಿಮ್ಮ ಹೆಸರು, ಊರು ಹಾಕಬಲ್ಲಿರಾ ಎಂದು ಕೇಳಿಕೊಳ್ಳಿ. ಹಾಕಬಲ್ಲಿರಾದರೆ ಕಳಿಸಿ. ಕೈ ಹಿಂಜರಿದರೆ, ಅಲ್ಲಿಗೇ ನಿಲ್ಲಿಸಿ.