ಒಂದು ವರ್ಷ, 11 ಗಂಟೆ

ವಿಮಾನ ಓಡಿಸುವ ಲೈಸೆನ್ಸ್ ಕೈಗೆ ಬಂದು ಮೊನ್ನೆಗೆ ಒಂದು ವರ್ಷವಾಯಿತು. ಲಾಗ್‌ಬುಕ್ ತೆಗೆದು ಕೂಡಿದೆ. ಇಡೀ ವರ್ಷ ಹಾರಿದ್ದು ಬರೀ 11 ಗಂಟೆ! ಪ್ರೈವೇಟ್ ಲೈಸೆನ್ಸ್‌ಗೆ ಬೇಕಾದ 40 ಗಂಟೆ ಮುಗಿಸಲು ಪಟ್ಟ ಪಾಡು ನನಗೇ ಗೊತ್ತು. ಸಂಬಳದಲ್ಲಿ ಉಳಿದದ್ದೆಲ್ಲ ವಿಮಾನದ ಬಾಡಿಗೆಗೆ. ಈ ಲೈಸೆನ್ಸ್ ಇಟ್ಟುಕೊಂಡು ದುಡಿಯುವಂತಿಲ್ಲ. ಅದಕ್ಕೆ 200 ಗಂಟೆ ಹಾರಿ ಕಮರ್ಷಿಯಲ್ ಲೈಸೆನ್ಸ್ ಪಡೆಯಬೇಕು. ‘ಮತ್ಯಾಕೋ ಇದೆಲ್ಲ?’ ಎಂದು ಅಪ್ಪ ಕೇಳುತ್ತಲೇ ಇದ್ದರು.

ಜಕ್ಕೂರು ಇರುವುದು ಸಮುದ್ರಮಟ್ಟಕ್ಕಿಂತ ಸುಮಾರು 3000 ಅಡಿ ಎತ್ತರದಲ್ಲಿ. ಏಪ್ರಿಲ್ ಮಧ್ಯಾಹ್ನ ಗಾಳಿ ಕಾದು ತೆಳುವಾದರೆ ಪುಟ್ಟ ಸೆಸ್ನಾ ನೆಲ ಬಿಡಲು ಮೀನಮೇಷ ಎಣಿಸುತ್ತದೆ. ಹಾಗಾಗಿ ಬೆಳಗಿನ ಹೊತ್ತೇ ಗತಿ. ಕಾಲೇಜಿನಲ್ಲಿ ಎಂಟಕ್ಕೆ ಏಳುತ್ತಿದ್ದವನು ನಾನೇ!

ನೆನಪಲ್ಲಿ ಉಳಿದದ್ದು ಮಾತ್ರ ಹಾರದೇ ಹೋದ ದಿನ. ನವೆಂಬರ್‌ನಲ್ಲಿ ಅಪ್ಪನನ್ನು ಮೊದಲ ಸಲ ಪಕ್ಕದಲ್ಲಿ ಕೂರಿಸಿಕೊಳ್ಳಬೇಕಿತ್ತು. ರಾತ್ರಿ ಬಸ್ಸಿಗೆ ಬಂದು, ಇಸ್ತ್ರಿ ಅಂಗಿ ತೊಟ್ಟು ನಿಂತಿದ್ದರು. ಟ್ಯಾಂಕಿನಿಂದ ಒಂದಿಷ್ಟು ಇಂಧನ ಬಸಿದು, ನೀರು ಸೇರಿಲ್ಲವೆಂದು ಖಾತ್ರಿ ಮಾಡಿಕೊಂಡೆ. ಎಲ್ಲ ಸರಿ, ಮಂಜು ಮಾತ್ರ ಕರಗಲಿಲ್ಲ. ರನ್‌ವೇಯ ಆ ತುದಿಯೇ ಕಾಣದು. ಒಮ್ಮೆ ತೆರವಾದಂತಾಗಿ ಕೈ ಕೀಲಿಯತ್ತ ಹೋಯಿತು, ಮತ್ತೆ ಮುಚ್ಚಿತು. ನನಗೆ ಸಿಕ್ಕಿದ್ದ ಸಮಯ ಮುಗಿಯಿತು. ‘ಇವತ್ತು ಬೇಡಪ್ಪ’ ಎಂದೆ. ಹೇಳುವಾಗ ಗಂಟಲು ಕಟ್ಟಿತ್ತು.

ಅವರು ಬೈಯಲಿಲ್ಲ. ರೆಕ್ಕೆಯನ್ನೊಮ್ಮೆ ಸವರಿ ನೋಡಿದರು. ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತುವಾಗ ಕೇಳಿದ್ದು ಒಂದೇ: ‘ಮತ್ತೆ ಯಾವಾಗ ಬರ್ಲಿ?’