ಗೋಪಾಳದ ಶೆಡ್ಡಿನಲ್ಲಿ ಸೆಕೆಂಡಿನ ಒಂದು ಚೂರು

ಒಂದು ಸೆಕೆಂಡನ್ನು 33,000 ಚೂರು ಮಾಡಿ, ಅದರಲ್ಲಿ ಒಂದೇ ಒಂದು ಚೂರನ್ನು ಎತ್ತಿಕೊಳ್ಳಿ. ಅಪ್ಪನ ಕಾಲದ ಬಜಾಜ್ ಚೇತಕ್ ನಿಮಿಷಕ್ಕೆ 5,500 ಸುತ್ತು ತಿರುಗುವಾಗ ಅದರ ಕ್ರ್ಯಾಂಕು ಒಂದು ಡಿಗ್ರಿ ಸರಿಯಲು ಹಿಡಿಯುವ ಹೊತ್ತು ಅಷ್ಟೇ! ಇಂಥ ಹೊತ್ತನ್ನು ನಮ್ಮೂರು ಶಿವಮೊಗ್ಗದ ಮೆಕ್ಯಾನಿಕ್ಕುಗಳು ಇಷ್ಟು ವರ್ಷ ಯಾವ ಯಂತ್ರದಿಂದ ಅಳೆದರು ಗೊತ್ತೆ? ಸಿಗರೇಟು ಪ್ಯಾಕಿನೊಳಗಿನ ತೆಳು ಕಾಗದದಿಂದ!

ಎಂಜಿನ್ನಿನ ಜೊತೆ ತಿರುಗುವ ಮ್ಯಾಗ್ನೆಟ್ಟಿನ ಹಿಂದೆ ಅಡಗಿರುವ, ಕಿಡಿ ಹಾರಿಸುವ ಸ್ವಿಚ್ಚಾದ ಪಾಯಿಂಟಿನ ಎರಡು ತುಟಿಗಳ ನಡುವೆ ಆ ಕಾಗದ ಸಿಕ್ಕಿಸಿ, ಮ್ಯಾಗ್ನೆಟ್ಟನ್ನು ಕೈಯಲ್ಲಿ ಮೆಲ್ಲಗೆ ತಿರುಗಿಸುತ್ತ ಹೋಗಬೇಕು. ಕಾಗದ ಬಿಗಿಯಾಗಿರುತ್ತದೆ, ಇನ್ನೂ ಬಿಗಿಯಾಗಿಯೇ ಇರುತ್ತದೆ, ಆಮೇಲೆ ಥಟ್ಟನೆ ಸಡಿಲಾಗಿ ಕೈಗೆ ಬಂದುಬಿಡುತ್ತದೆ. ಕಿಡಿ ಹಾರುವುದು ಆಗಲೇ. ಪಿಸ್ಟನ್ ಇನ್ನೂ ನೆತ್ತಿ ಮುಟ್ಟಿರುವುದಿಲ್ಲ, ಇಪ್ಪತ್ತು ಚಿಲ್ಲರೆ ಡಿಗ್ರಿ ಬಾಕಿ ಇರುತ್ತದೆ. ಬೆಂಕಿ ಹರಡುವುದಕ್ಕೂ ಒಂದಿಷ್ಟು ಹೊತ್ತು ಬೇಕಲ್ಲ, ಅದಕ್ಕೇ ಈ ಮುಂಗಡ. ಸೆಕೆಂಡಿಗೆ ತೊಂಬತ್ತಕ್ಕೂ ಹೆಚ್ಚು ಸಲ, ಬ್ಯಾಟರಿಯ ಹಂಗೇ ಇಲ್ಲದೆ, ತಿರುಗುವ ಅಯಸ್ಕಾಂತದಿಂದಲೇ ಹುಟ್ಟಿದ ವಿದ್ಯುತ್ತಿನಿಂದ ಈ ಕಿಡಿ ಹಾರುತ್ತಿರುತ್ತದೆ. ನಾವೋ ಅದರ ಮೇಲೆ ಕೂತು ಗಾಂಧಿ ಬಜಾರಿಗೆ ಹೋಗಿ ಸೊಪ್ಪು ತಂದವರು!

ಶಿವಮೊಗ್ಗದ ಗೋಪಾಳದಲ್ಲಿ, ಸ್ನೇಹಿತರೊಬ್ಬರ ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಇಂಥದೊಂದು ಚೇತಕ್ಕನ್ನು ಬಿಚ್ಚಿ ಗೋಣಿತಾಟಿನ ಮೇಲೆ ಹರಡಿಕೊಂಡಾಗಲೇ ನನಗೆ ಇದೆಲ್ಲ ಕಣ್ಣಿಗೆ ಬಿದ್ದದ್ದು. ಸ್ಕೂಟರು ಕಂಪನಿಯಿಂದ ಬಂದ ಹಾಗೆ ಉಳಿದಿರಲಿಲ್ಲ. ಹಿಂದೆ ಇಟ್ಟುಕೊಂಡಿದ್ದ ಯಾರೋ ಪುಣ್ಯಾತ್ಮರು ‘ಪಿಕಪ್ಪಿಗೆ’ ಅಂತ ಸೈಲೆನ್ಸರಿನ ಹೊಟ್ಟೆ ಸೀಳಿ ಒಳಗಿನದೆಲ್ಲ ಕಿತ್ತು ಮತ್ತೆ ಬೆಸುಗೆ ಹಾಕಿಸಿದ್ದರು, ಕಾರ್ಬೋರೇಟರಿನ ಜೆಟ್ಟನ್ನು ಕೊರೆದು ದೊಡ್ಡದು ಮಾಡಿದ್ದರು. ಗಾಡಿ ಗುಡುಗುತ್ತಿತ್ತು, ಹೊಗೆ ಉಗುಳುತ್ತಿತ್ತು, ಏರು ಬಂದರೆ ಉಸ್ಸೆನ್ನುತ್ತಿತ್ತು. ಇಷ್ಟು ಸದ್ದು ಮಾಡುವ ಗಾಡಿಗೆ ಶಕ್ತಿ ಮಾತ್ರ ಯಾಕಿಲ್ಲ? ಈ ಒಂದು ಪ್ರಶ್ನೆಯ ಬೆನ್ನು ಹತ್ತಿದ್ದಕ್ಕೆ ಸಿಕ್ಕಿದ್ದು ಒಂದು ಇಡೀ ಪ್ರಪಂಚ.

ಮೊದಲ ಬೆರಗು, ಈ ಟೂ ಸ್ಟ್ರೋಕ್ ಎಂಜಿನ್ನಿನ ಒಳಗೆ ಏನೂ ಇಲ್ಲದಿರುವುದು! ಶಕ್ತಿ ಹುಟ್ಟಿಸುವ ಕೆಲಸಕ್ಕೆ ಅಲ್ಲಾಡುವ ಭಾಗ ಮೂರೇ ಮೂರು: ಪಿಸ್ಟನ್, ಕನೆಕ್ಟಿಂಗ್ ರಾಡು, ಕ್ರ್ಯಾಂಕು. ಕಾರಿನ ಎಂಜಿನ್ನಿನಲ್ಲಿರುವಂತೆ ವಾಲ್ವುಗಳಿಲ್ಲ, ಅವನ್ನು ಕುಣಿಸುವ ಕ್ಯಾಮುಗಳಿಲ್ಲ. ಹಾಗಾದರೆ ಗಾಳಿ ಪೆಟ್ರೋಲಿಗೆ ಬಾಗಿಲು ತೆಗೆದು ಹಾಕುವವರು ಯಾರು? ಕ್ರ್ಯಾಂಕೇ! ಅದರ ದುಂಡನೆಯ ಕೆನ್ನೆಯಲ್ಲಿ ಒಂದು ಕಡೆ ಕಚ್ಚು ತೆಗೆದಿರುತ್ತಾರೆ. ಕಚ್ಚು ಕಿಂಡಿಯೆದುರು ಬಂದಾಗ ಕಾರ್ಬೋರೇಟರಿನಿಂದ ಮಿಶ್ರಣ ಒಳಕ್ಕೆ ನುಗ್ಗುತ್ತದೆ, ಕೆನ್ನೆ ಬಂದಾಗ ಮುಚ್ಚಿಕೊಳ್ಳುತ್ತದೆ. ಪಿಸ್ಟನ್ ಮೇಲೆ ಹೋಗುವಾಗ ತಲೆಯ ಮೇಲಿನದನ್ನು ಒತ್ತುತ್ತ, ಅದೇ ಹೊತ್ತಿನಲ್ಲಿ ಕಾಲಡಿಗೆ ಹೊಸ ಉಸಿರು ಎಳೆಯುತ್ತದೆ. ಕೆಳಗೆ ಬರುವಾಗ ಆ ಉಸಿರನ್ನು ಪಕ್ಕದ ಓಣಿಗಳಿಂದ ಮೇಲಕ್ಕೆ ತಳ್ಳುತ್ತದೆ. ಅಂದರೆ ಎಂಜಿನ್ನಿನ ತಳಭಾಗವೇ ಒಂದು ಪಂಪು. ಈ ಪಂಪಿಗೆ ಎರಡು ಕಡೆ ರಬ್ಬರಿನ ಆಯಿಲ್ ಸೀಲುಗಳ ಕಾವಲು. ಮ್ಯಾಗ್ನೆಟ್ ಕಡೆಯ ಸೀಲು ಒಣಗಿ ಸೀಳಿದರೆ ಕಳ್ಳಗಾಳಿ ನುಗ್ಗಿ ಗಾಡಿ ತಾನಾಗಿ ರೇಸ್ ಆಗುತ್ತದೆ. ಕ್ಲಚ್ಚಿನ ಕಡೆಯದು ಹೋದರೆ ಗೇರ್ ಆಯಿಲ್ಲನ್ನೇ ಕುಡಿದು ಬಿಳಿ ಹೊಗೆ ಬಿಡುತ್ತದೆ. ಎಷ್ಟೋ ಮನೆಗಳಲ್ಲಿ ‘ಎಂಜಿನ್ ಹೋಯ್ತು’ ಅಂತ ಮೂಲೆ ಸೇರಿದ ಸ್ಕೂಟರುಗಳಿಗೆ ಹೋಗಿದ್ದದ್ದು ಈ ಸೀಲು ಮಾತ್ರ ಅಂತ ನನ್ನ ಗುಮಾನಿ.

ಇಂಥ ಸರಳತೆ ಎಲ್ಲಿಂದ ಬಂತು? 1946ರಲ್ಲಿ ಇಟಲಿಯಲ್ಲಿ ವೆಸ್ಪಾ ರೂಪಿಸಿದ ಕೊರಾದಿನೊ ದಸ್ಕಾನಿಯೊ ಹೆಲಿಕಾಪ್ಟರುಗಳ ಎಂಜಿನಿಯರು, ಮೋಟಾರ್ ಸೈಕಲ್ ಕಂಡರೆ ಆಗದವರು. ಮುಂದಿನ ಚಕ್ರವನ್ನು ವಿಮಾನದ ಗಾಲಿಯ ಹಾಗೆ ಒಂದೇ ಬದಿಯಿಂದ ಹಿಡಿದಿಟ್ಟದ್ದು ಸುಮ್ಮನೆ ಅಲ್ಲ. ಆ ವಂಶದ ಕುಡಿಯೇ 1972ರಲ್ಲಿ ರಾಣಾ ಪ್ರತಾಪನ ಕುದುರೆಯ ಹೆಸರು ಹೊತ್ತು ನಮ್ಮ ಅಂಗಳಕ್ಕೆ ಬಂತು.

ಈಗ ಸಿಲಿಂಡರು. 57 ಮಿ.ಮೀ. ಅಗಲ, ಪಿಸ್ಟನ್ನಿನ ಓಡಾಟವೂ 57 ಮಿ.ಮೀ. ಲೆಕ್ಕ ಹಾಕಿದರೆ 145.45 ಸಿ.ಸಿ. ಸವೆದ ಸಿಲಿಂಡರನ್ನು ಲೇತಿನ ಅಂಗಡಿಗೆ ಒಯ್ದು ಬೋರ್ ಮಾಡಿಸಿ, ಓವರ್‌ಸೈಜ್ ಪಿಸ್ಟನ್ ಹಾಕುತ್ತಾರಲ್ಲ, ಹಾಗೆ ಹಾಕುತ್ತ ಹಾಕುತ್ತ 58 ಮಿ.ಮೀ. ಮುಟ್ಟಿತೆನ್ನಿ, ಎಂಜಿನ್ನು 150 ಸಿ.ಸಿ. ದಾಟಿಬಿಟ್ಟಿರುತ್ತದೆ! ಮುದಿಯಾದಷ್ಟೂ ಬೆಳೆಯುವ ಎಂಜಿನ್ನು! ಆದರೆ ಸಿಲಿಂಡರು ಎರಕದ ಕಬ್ಬಿಣ, ಪಿಸ್ಟನ್ ಅಲ್ಯೂಮಿನಿಯಂ. ಕಾದಾಗ ಅಲ್ಯೂಮಿನಿಯಂ ಕಬ್ಬಿಣದ ಸುಮಾರು ಎರಡರಷ್ಟು ಹಿಗ್ಗುತ್ತದೆ. ಅದಕ್ಕೆಂದು ನಡುವೆ ಬಿಡುವ ಸಂದು ಮಿಲಿಮೀಟರಿನ ಕಾಲು ಭಾಗಕ್ಕಿಂತಲೂ ಕಡಿಮೆ. ಹೆಚ್ಚು ಬಿಟ್ಟರೆ ಗಡಗಡ, ಕಡಿಮೆ ಬಿಟ್ಟರೆ ಪಿಸ್ಟನ್ ಕಚ್ಚಿಕೊಂಡು ನಡುದಾರಿಯಲ್ಲಿ ಸೀಜು.

ಮತ್ತೆ ಆ ಎರಕದ ಕಬ್ಬಿಣವನ್ನು ಕೈಯಲ್ಲಿ ಹಿಡಿದು ನೋಡಿ. ಅದರೊಳಗೆಲ್ಲ ಗ್ರಾಫೈಟಿನ ಸಣ್ಣ ಸಣ್ಣ ಪದರಗಳು ಹರಡಿಕೊಂಡಿವೆ. ಉಜ್ಜಾಟದ ಜಾಗದಲ್ಲಿ ಅವೇ ಒಣ ಎಣ್ಣೆಯ ಕೆಲಸ ಮಾಡುತ್ತವೆ, ಎಣ್ಣೆಯನ್ನೂ ಹಿಡಿದಿಟ್ಟುಕೊಳ್ಳುತ್ತವೆ. ಇದು ಶಿವಮೊಗ್ಗಕ್ಕೆ ದೂರದ ವಿದ್ಯೆಯಲ್ಲ ಸ್ವಾಮಿ! ಸಿಲಿಂಡರ್ ಲೈನರುಗಳನ್ನೇ ಎರಕ ಹೊಯ್ಯುವ ಪರ್ಲೈಟ್ ಲೈನರ್ಸ್ ಕಾರ್ಖಾನೆ ಇರುವುದು ಇದೇ ಊರಿನಲ್ಲಿ. ಪಕ್ಕದ ಭದ್ರಾವತಿಯಲ್ಲಿ 1923ರಲ್ಲೇ, ಕೆಮ್ಮಣ್ಣುಗುಂಡಿಯ ಅದಿರನ್ನು ಮಲೆನಾಡಿನ ಕಾಡಿನ ಇದ್ದಿಲಿನಿಂದ ಕರಗಿಸಿ ಕಬ್ಬಿಣ ಹರಿಸಿದ್ದರು. ಮುಂದೆ ವಿಶ್ವೇಶ್ವರಯ್ಯನವರ ಹೆಸರು ಹೊತ್ತ ಆ ಕಾರ್ಖಾನೆ ವಾಹನಗಳ ಬಿಡಿಭಾಗಗಳಿಗೆ ಬೇಕಾದ ಮಿಶ್ರಲೋಹದ ಉಕ್ಕನ್ನೂ ಮಾಡಿತು. ಕಬ್ಬಿಣದ ಬಗ್ಗೆ ತಿಳಿದ ಕೈಗಳು ಈ ಎರಡು ಊರುಗಳ ಓಣಿ ಓಣಿಯಲ್ಲಿವೆ. ಸಿಲಿಂಡರನ್ನು ಬೆರಳಲ್ಲಿ ತಟ್ಟಿ, ಸದ್ದು ಕೇಳಿ, ಬಿರುಕಿದೆಯೋ ಇಲ್ಲವೋ ಹೇಳುವವರು ಇಲ್ಲಿ ಸಿಕ್ಕರೆ ಅಚ್ಚರಿಪಡಬೇಕಿಲ್ಲ.

ಕಾರ್ಬೋರೇಟರಿಗೆ ಬಂದರೆ ಮಾತ್ರ ನಾನು ಮಾತು ಮರೆತೆ. ಮೇನ್ ಜೆಟ್ ಅಂದರೆ ಹಿತ್ತಾಳೆಯ ಒಂದು ಚಿಕ್ಕ ತಿರುಪು, ನಡುವೆ ತೂತು. ಅದರ ಮೇಲೆ ಕೆತ್ತಿದ ಸಂಖ್ಯೆ ಆ ತೂತಿನ ಅಳತೆ, ಮಿಲಿಮೀಟರಿನ ನೂರನೇ ಭಾಗಗಳಲ್ಲಿ. 100 ಅಂದರೆ ಸರಿಯಾಗಿ ಒಂದು ಮಿ.ಮೀ. ಅದನ್ನು ತೆಗೆದು 105 ಹಾಕಿದರೆ ಹೆಚ್ಚಿದ್ದು ಬರೀ 0.05 ಮಿ.ಮೀ.; ಆದರೆ ತೂತಿನ ವಿಸ್ತೀರ್ಣ ಶೇ. 10ರಷ್ಟು ಏರಿತು! ಇನ್ನು ಮೊಳೆಯಿಂದಲೋ ಸೂಜಿಯಿಂದಲೋ ಜೆಟ್ ಕೊರೆಯುವವರು ಏನು ಮಾಡುತ್ತಿದ್ದಾರೆಂದು ಯೋಚಿಸಿ.

ಈ ಪುಟ್ಟ ತೂತಿಗೆ ತಾನು ಯಾವ ಊರಲ್ಲಿದ್ದೇನೆ ಅನ್ನುವುದೂ ಗೊತ್ತು! ಶಿವಮೊಗ್ಗ ಸಮುದ್ರಮಟ್ಟದಿಂದ ಸುಮಾರು 570 ಮೀಟರ್ ಎತ್ತರದಲ್ಲಿದೆ. ಉಡುಪಿಯ ಗಾಳಿಗಿಂತ ಇಲ್ಲಿನ ಗಾಳಿ ಸುಮಾರು ಶೇ. 5ರಷ್ಟು ತೆಳು. ಗೋಪಾಳದಲ್ಲಿ ಹದ ಮಾಡಿದ ಸ್ಕೂಟರನ್ನು ಗಾಜನೂರು, ಸಕ್ರೆಬೈಲು, ಮಂಡಗದ್ದೆ, ತೀರ್ಥಹಳ್ಳಿ ದಾಟಿಸಿ, 600 ಮೀಟರಿಗೂ ಮೇಲಿರುವ ಆಗುಂಬೆಗೆ ಒಯ್ದು, ಅಲ್ಲಿಂದ ಘಾಟಿಯ 14 ತಿರುವು ಇಳಿಸಿದರೆ ಸೋಮೇಶ್ವರದಲ್ಲಿ ಅದು ಉಸಿರಾಡುವ ಗಾಳಿಯೇ ಬೇರೆ. ಗಾಳಿ ದಟ್ಟವಾಯಿತು, ಜೆಟ್ಟು ಅಷ್ಟೇ ಇದೆ, ಮಿಶ್ರಣದಲ್ಲಿ ಪೆಟ್ರೋಲು ಕಡಿಮೆಯಾಯಿತು. ಟೂ ಸ್ಟ್ರೋಕ್ ಎಂಜಿನ್ನಿಗೆ ಪೆಟ್ರೋಲು ಕಡಿಮೆ ಅಂದರೆ ಅದರ ಜೊತೆ ಬರುವ ಎಣ್ಣೆಯೂ ಕಡಿಮೆ, ಬಿಸಿ ಮಾತ್ರ ಹೆಚ್ಚು.

ಬಂಕಿನ ಪೆಟ್ರೋಲೂ ಈಗ ಹಳೆಯ ಪೆಟ್ರೋಲಲ್ಲ. 2025ರ ಹೊತ್ತಿಗೆ ದೇಶದಲ್ಲಿ ಅದಕ್ಕೆ ಶೇ. 20 ಎಥನಾಲ್ ಸೇರಿತು. ಒಂದು ಕಿಲೋ ಪೆಟ್ರೋಲು ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಎಥನಾಲಿಗೆ 9 ಕಿಲೋ ಸಾಕು. ಹಾಗಾಗಿ ಅಷ್ಟೇ ಗಾಳಿಗೆ ಮೊದಲಿಗಿಂತ ಹೆಚ್ಚು ಇಂಧನ ಬೇಕಾಗುತ್ತದೆ. ಹೊಸ ಗಾಡಿಗಳ ಕಂಪ್ಯೂಟರು ಇದನ್ನು ತಾನೇ ಸರಿದೂಗಿಸಿಕೊಳ್ಳುತ್ತದೆ. ಚೇತಕ್ಕಿಗೆ ಕಂಪ್ಯೂಟರು ಅಂದರೆ ನೀವೇ, ನಿಮ್ಮ ಕೈಯ ಸ್ಕ್ರೂಡ್ರೈವರೇ! ಮಲೆನಾಡಿನ ಮಳೆಗಾಲದಲ್ಲಿ ಇನ್ನೊಂದು ಫಜೀತಿ: ಎಥನಾಲ್ ನೀರು ಹೀರುತ್ತದೆ, ತಿಂಗಳುಗಟ್ಟಲೆ ನಿಂತ ಟ್ಯಾಂಕಿನಲ್ಲಿ ಅದು ನೀರಿನ ಸಮೇತ ತಳಕ್ಕಿಳಿದು ಬೇರೆಯಾಗಬಹುದು. ಹಳೆಯ ರಬ್ಬರ್ ಪೈಪುಗಳನ್ನೂ ಅದು ಹಾಳುಮಾಡುತ್ತದೆ.

ಇಷ್ಟೆಲ್ಲ ಸರಿಹೋಯಿತೆಂದು ತಿಳಿಯುವುದು ಹೇಗೆ? ತೀರ್ಥಹಳ್ಳಿ ರಸ್ತೆಯಲ್ಲಿ ಖಾಲಿ ಜಾಗ ನೋಡಿ ಒಂದಷ್ಟು ದೂರ ಪೂರ್ತಿ ಎಕ್ಸಿಲರೇಟರಿನಲ್ಲಿ ಓಡಿಸಿ, ಕ್ಲಚ್ ಹಿಡಿದು, ಹಾಗೇ ಎಂಜಿನ್ ಆಫ್ ಮಾಡಿ, ಪ್ಲಗ್ಗು ಬಿಚ್ಚಬೇಕು. ತುದಿ ಬೆಳ್ಳಗಿದ್ದರೆ ಪೆಟ್ರೋಲು ಸಾಲದು, ಕರ್ರಗೆ ಒದ್ದೆಯಾಗಿದ್ದರೆ ಜಾಸ್ತಿಯಾಯಿತು. ಹುರಿದ ಕಾಫಿಬೀಜದ ಬಣ್ಣವಿದ್ದರೆ ಗೆದ್ದಿರಿ!

ಈಗ ಸೈಲೆನ್ಸರು. ಇದರ ಕತೆ ಪತ್ತೇದಾರಿ ಕಾದಂಬರಿಯನ್ನೂ ಮೀರಿಸುತ್ತದೆ. ನಾವೆಲ್ಲ ಅದನ್ನು ಸದ್ದು ಅಡಗಿಸುವ ಡಬ್ಬಿ ಅಂದುಕೊಂಡಿದ್ದೇವೆ. ಟೂ ಸ್ಟ್ರೋಕಿನಲ್ಲಿ ಅದು ಎಂಜಿನ್ನಿನದೇ ಒಂದು ಅಂಗ! ಹೊಗೆ ಹೋಗುವ ಕಿಂಡಿ ತೆರೆದೊಡನೆ ಒತ್ತಡದ ಒಂದು ಅಲೆ ಸೆಕೆಂಡಿಗೆ ಸುಮಾರು 500 ಮೀಟರ್ ವೇಗದಲ್ಲಿ ಪೈಪಿನೊಳಗೆ ಓಡುತ್ತದೆ. ಪೈಪು ಅಗಲವಾಗುವ ಕಡೆ ಆ ಅಲೆಯ ಒಂದು ಪಾಲು ಹೀರುವ ಅಲೆಯಾಗಿ ಹಿಂದಿರುಗಿ, ಸಿಲಿಂಡರಿನಲ್ಲಿ ಉಳಿದ ಹೊಗೆಯನ್ನು ಎಳೆದು ಹಾಕುತ್ತದೆ. ಆ ಎಳೆತಕ್ಕೆ ಹೊಸ ಮಿಶ್ರಣವೂ ಒಂದಿಷ್ಟು ಹೊರಗೆ ಜಾರುತ್ತದೆ. ಅಷ್ಟರಲ್ಲಿ ಪೈಪು ಮತ್ತೆ ಕಿರಿದಾಗುವ ತುದಿಗೆ ಬಡಿದ ಇನ್ನೊಂದು ಪಾಲು ತಳ್ಳುವ ಅಲೆಯಾಗಿ ವಾಪಸು ಬಂದು, ಕಿಂಡಿ ಮುಚ್ಚುವ ಕೊನೆಯ ಗಳಿಗೆಯಲ್ಲಿ, ಜಾರಿದ ಮಿಶ್ರಣವನ್ನು ಮರಳಿ ಒಳಕ್ಕೆ ತುರುಕುತ್ತದೆ! ಈ ಹೋಗಿ ಬರುವ ಆಟಕ್ಕೆಲ್ಲ ಸಿಗುವುದು ಸೆಕೆಂಡಿನ ಇನ್ನೂರನೇ ಒಂದು ಭಾಗದಷ್ಟು ಹೊತ್ತು. ಒಂದೂ ಅಲ್ಲಾಡುವ ಭಾಗವಿಲ್ಲದೆ, ಬರೀ ತಗಡಿನ ಆಕಾರದಿಂದ!

ಇದನ್ನು ಪಳಗಿಸಿದವರು ಪೂರ್ವ ಜರ್ಮನಿಯ ಎಂಜಡ್ ಕಂಪನಿಯ ಎಂಜಿನಿಯರು ವಾಲ್ಟರ್ ಕಾಡೆನ್. 1961ರಲ್ಲಿ ಅವರ 125 ಸಿ.ಸಿ. ರೇಸ್ ಎಂಜಿನ್ನು 25 ಅಶ್ವಶಕ್ತಿ ಕೊಡುತ್ತಿತ್ತು. ಅದಕ್ಕಿಂತ ದೊಡ್ಡದಾದ ನಮ್ಮ ಚೇತಕ್ಕಿನದು 7.5! ಅದೇ ವರ್ಷ ಅವರ ಸವಾರ ಅರ್ನ್ಸ್ಟ್ ಡೆಗ್ನರ್ ಸ್ವೀಡನ್ನಿನ ರೇಸಿಗೆ ಹೋದವನು ಅಲ್ಲಿಂದಲೇ ಪರಾರಿಯಾದ. ಅವನ ಹೆಂಡತಿ ಮಕ್ಕಳನ್ನು ಬೇರೆಯವರು ಗುಟ್ಟಾಗಿ ಗಡಿ ದಾಟಿಸಿದ್ದರು. ಪೈಪಿನ ಗುಟ್ಟು ಅವನ ಜೊತೆ ಜಪಾನಿನ ಸುಜುಕಿಗೆ ಹೋಯಿತು. 1962ರಲ್ಲಿ ಸುಜುಕಿಗೆ ಮೊದಲ ವಿಶ್ವ ಪ್ರಶಸ್ತಿಯನ್ನು 50 ಸಿ.ಸಿ. ವರ್ಗದಲ್ಲಿ ಗೆದ್ದುಕೊಟ್ಟವನೂ ಅವನೇ.

ಗೋಪಾಳದ ಶೆಡ್ಡಿನ ಪ್ರಶ್ನೆಗೆ ಉತ್ತರ ಇಲ್ಲೇ ಇತ್ತು. ಸೈಲೆನ್ಸರಿನ ಹೊಟ್ಟೆ ಸೀಳಿದವರು ಹಿಂದಿರುಗಿ ಬರುವ ಆ ಅಲೆಯನ್ನು ಕೆಡಿಸಿಬಿಟ್ಟಿದ್ದರು. ಮಿಶ್ರಣ ಅರ್ಧಂಬರ್ಧ ಉರಿಯದೆಯೇ ಹೊರಗೆ ಹೋಗುತ್ತಿತ್ತು. ಕೇರಿಗೆಲ್ಲ ಕೇಳುತ್ತಿದ್ದ ಆ ಗುಡುಗು ದುಡ್ಡು ಕೊಟ್ಟು ತಂದ ಪೆಟ್ರೋಲು ವ್ಯರ್ಥವಾಗುವ ಸದ್ದು. ಕಂಪನಿಯ ನಮೂನೆಯ ಸೈಲೆನ್ಸರು, ಹೊಸ ಸೀಲು, ಅಳತೆಯ ಜೆಟ್ಟು ಹಾಕಿ, ಕಾಗದ ಹಿಡಿದು ಟೈಮಿಂಗ್ ಕೂಡಿಸಿ, ಲೀಟರಿಗೆ 20 ಮಿ.ಲೀ. ಎಣ್ಣೆ ಬೆರೆಸಿ ಕಿಕ್ಕರ್ ಒದ್ದಾಗ ಸ್ಕೂಟರು ಎಷ್ಟು ಮೆತ್ತಗೆ ಮಾತಾಡಿತೆಂದರೆ, ಪಕ್ಕದ ಮನೆಯವರು ಗಾಡಿ ಬದಲಾಯಿಸಿದಿರಾ ಎಂದು ಕೇಳಿದರು. ಏರಿನಲ್ಲಿ ಮೂರನೇ ಗೇರಿನಲ್ಲೇ ಎಳೆಯಿತು!

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. ಕಂಪನಿಯ ಮೂಲ ವಿನ್ಯಾಸವನ್ನು ಮನಬಂದಂತೆ ಬದಲಿಸುವ ಹಾಗಿಲ್ಲ ಎಂದು ಸುಪ್ರೀಂ ಕೋರ್ಟು 2019ರಲ್ಲಿ ಸ್ಪಷ್ಟವಾಗಿ ಹೇಳಿದೆ. ಅದೇ ವರ್ಷ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ ಇಂಥ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ ಬೀಳಬಹುದು. ಕಿತ್ತ ಸೈಲೆನ್ಸರುಗಳನ್ನು ಸಾಲಾಗಿ ಮಲಗಿಸಿ ಪೊಲೀಸರು ರೋಡ್ ರೋಲರ್ ಹತ್ತಿಸಿದ್ದನ್ನು ನಮ್ಮ ರಾಜ್ಯದ ಊರೂರಿನವರು ನೋಡಿದ್ದಾರೆ. ನನ್ನ ಮಟ್ಟಿಗೆ ಅದು ನ್ಯಾಯವೇ. ಕಾಯ್ದೆ ಬೇಡವೆನ್ನುವುದನ್ನೇ ಭೌತಶಾಸ್ತ್ರವೂ ಬೇಡವೆನ್ನುವಾಗ ಸದ್ದಿನ ಪರ ವಾದಿಸಲು ಏನು ಉಳಿಯಿತು?

ನಿಮ್ಮ ಮನೆಯ ಹಿತ್ತಲಲ್ಲಿ ಇಂಥದೊಂದು ನಿಂತಿದ್ದರೆ ಗುಜರಿಯವನನ್ನು ಕರೆಯಲು ಅವಸರ ಮಾಡಬೇಡಿ. ಪ್ಲಗ್ಗು ಬಿಚ್ಚಿ ಒಂದೆರಡು ಚಮಚ ಎಣ್ಣೆ ಬಿಟ್ಟು, ಒಂದು ರಾತ್ರಿ ಕಳೆದ ಮೇಲೆ ಕಿಕ್ಕರನ್ನು ಕೈಯಿಂದ ಒತ್ತಿ ನೋಡಿ. ಇಳಿದರೆ ಎಂಜಿನ್ನು ಹಿಡಿದಿಲ್ಲ. ಆಮೇಲೆ ಸ್ಪ್ಯಾನರು ಹುಡುಕುವ ಮೊದಲು ಆರ್‌ಸಿ ಹುಡುಕಿ. 15 ವರ್ಷ ದಾಟಿದ ಗಾಡಿಗೆ ಆರ್‌ಟಿಒದಲ್ಲಿ ನೋಂದಣಿ ನವೀಕರಿಸದೆ ರಸ್ತೆಗಿಳಿಯುವಂತಿಲ್ಲ.